ಕೇಳುವುದನ್ನು ಕಲಿಯಲು ಹೋದ ನಾಲ್ಕು ತಿಂಗಳು

ವಿನ್ನಿಪೆಗ್, ಮೊದಲ ವಾರ

ಕೆನಡಾದ ವಿನ್ನಿಪೆಗ್‌ನಲ್ಲಿ ನನಗೆ ಮೊದಲ ಶಾಕ್ ಕೊಟ್ಟದ್ದು ಬಾಗಿಲ ಹಿಡಿಕೆ. ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ಕರೆಂಟು ಹೊಡೆಯಿತು. ಅಲ್ಲಿನ ಚಳಿಗಾಲದ ಹವೆ ಎಷ್ಟು ಒಣಗಿರುತ್ತದೆ ಎಂದರೆ, ಉಣ್ಣೆಯ ಬಟ್ಟೆ ತೊಟ್ಟು ನೆಲಹಾಸಿನ ಮೇಲೆ ನಾಲ್ಕು ಹೆಜ್ಜೆ ನಡೆದರೆ ಸಾಕು, ಮೈಯೊಳಗೆ ವಿದ್ಯುತ್ತು ಸೇರಿಕೊಳ್ಳುತ್ತದೆ. ಲೋಹ ಮುಟ್ಟಿದರೆ ಚಟ್ ಎಂದು ಕಿಡಿ. ನಾನು ಬಾಡಿಗೆಗಿದ್ದ ಮನೆಯ ಒಡತಿ ಲಿಂಡಾ ಕೈ ಕುಲುಕಲು ಬಂದಾಗಲೂ ಇಬ್ಬರಿಗೂ ಹೊಡೆಯಿತು. ಆಕೆ ಫಿಲಿಪ್ಪೀನ್ಸಿನಿಂದ ಬಂದು ಇಪ್ಪತ್ತು ವರ್ಷವಾದವಳು, ವೃದ್ಧಾಶ್ರಮವೊಂದರಲ್ಲಿ ಕೆಲಸ. ಮೊದಲು ಮೊಣಕೈ ತಾಗಿಸಿ, ಆಮೇಲೆ ಬೆರಳಿಂದ ಹಿಡಿ ಎಂದು ಹೇಳಿಕೊಟ್ಟಳು. ಒಂದು ವಾರ ಮನೆಯ ಬಾಗಿಲುಗಳಿಗೆಲ್ಲ ಮೊಣಕೈ ತೋರಿಸುತ್ತ ಓಡಾಡಿದೆ.

ಹೊರಗೆ ಕಾಲಿಟ್ಟರೆ ಮೂಗಿನೊಳಗಿನ ಕೂದಲು ಸೆಟೆದು ಮುಳ್ಳಾಗುತ್ತಿದ್ದವು. ಕಣ್ಣಲ್ಲಿ ನೀರು ಬಂದರೆ ರೆಪ್ಪೆ ಒಂದಕ್ಕೊಂದು ಅಂಟುತ್ತಿತ್ತು. ಮೊದಲ ದಿನ ಬೀದಿಯಲ್ಲಿ ನೋಡುತ್ತೇನೆ, ಪ್ರತಿ ಮನೆಯ ಮುಂದೆ ನಿಂತ ಕಾರಿನ ಮೂತಿಯಿಂದ ಒಂದು ವೈರು ಹೊರಟು ಗೋಡೆಯ ಪ್ಲಗ್ಗಿಗೆ ಸೇರಿದೆ. ಎಮ್ಮೆಗೆ ಮೂಗುದಾರ ಹಾಕಿ ಗೂಟಕ್ಕೆ ಕಟ್ಟಿದ ಹಾಗೆ. ಇಂಜಿನ್ನು ಬೆಚ್ಚಗಿರದಿದ್ದರೆ ಬೆಳಿಗ್ಗೆ ಕಾರು ಏಳುವುದಿಲ್ಲವಂತೆ. ನಾನು ನಿಂತು ಫೋಟೋ ತೆಗೆದೆ. ಕಾರಿನ ಯಜಮಾನ ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದ. ಹಂಪಿಯಲ್ಲಿ ವಿದೇಶಿಯರು ನಮ್ಮ ಎಮ್ಮೆಯ ಮುಂದೆ ಮಂಡಿಯೂರಿ ಫೋಟೋ ತೆಗೆಯುವಾಗ ನಾವು ನಗುತ್ತಿದ್ದದ್ದು ನೆನಪಾಗಿ, ಫೋನು ಜೇಬಿಗೆ ಹಾಕಿಕೊಂಡೆ.

ನಾನು ಹೊಸಪೇಟೆಯವಳು. ವಯಸ್ಸು ನಲವತ್ತಾರು. ಕ್ಷಯರೋಗಿಗಳ ನಡುವೆ ಕೆಲಸ ಮಾಡುವ ಒಂದು ಸಣ್ಣ ಸಂಸ್ಥೆಯಲ್ಲಿ ಹದಿನಾಲ್ಕು ವರ್ಷದಿಂದ ಸಮಾಲೋಚಕಿ. ಸಂಡೂರಿನ ಕೆಂಪು ಧೂಳಿನ ಹಳ್ಳಿಗಳಿಂದ ಕಂಪ್ಲಿಯ ಗದ್ದೆಗಳವರೆಗೆ ಓಡಾಡಿ, ಮಾತ್ರೆ ನಡುವೆ ಬಿಟ್ಟವರನ್ನು ಹುಡುಕಿ, ಯಾಕೆ ಬಿಟ್ಟಿರಿ ಎಂದು ಕೇಳಿ, ಮತ್ತೆ ನುಂಗಿಸುವುದು ನನ್ನ ಕೆಲಸ. ಅವರ ಮಾತನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳುತ್ತಿದ್ದೆ. ಈ ಸಂದರ್ಶನಗಳನ್ನು ಶಾಸ್ತ್ರೀಯವಾಗಿ ಮಾಡುವುದು, ಅವುಗಳ ಅರ್ಥ ಬಿಡಿಸುವುದು ಹೇಗೆಂದು ಸ್ನಾತಕೋತ್ತರ ಮಟ್ಟದಲ್ಲಿ ಕಲಿಸುವ ಎರಡು ಕೋರ್ಸುಗಳಿಗೆ ಸಂಸ್ಥೆಯವರು ನನ್ನನ್ನು ಕಳಿಸಿದ್ದರು. ಪದವಿಗೆ ಸೇರದೆ ಬರೀ ಆ ಕೋರ್ಸುಗಳನ್ನಷ್ಟೇ ಓದಬಹುದು. ಗುರುತಿನ ಚೀಟಿಯಲ್ಲಿ ‘ಪದವಿಯೇತರ ವಿದ್ಯಾರ್ಥಿ’ ಎಂದಿತ್ತು. ಹೊರಡುವ ಮುನ್ನ ಗಂಡನ ಊರಾದ ಎಮ್ಮಿಗನೂರಿಗೆ ಹೋಗಿ ಅತ್ತೆಮ್ಮನಿಗೆ ಇದನ್ನು ವಿವರಿಸಿದಾಗ, ಕೊನೆಗೆ ಪದವಿಯೇ ಸಿಗದ ಓದಿಗೆ ಅಷ್ಟು ದೂರ ಯಾಕೆ ಹೋಗಬೇಕು ಎಂದು ಕೇಳಿದ್ದರು. ರೋಗಿಗಳ ಮಾತು ಕೇಳುವುದನ್ನು ಕಲಿಯೋಕೆ ಎಂದೆ. ಅತ್ತೆಮ್ಮ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಒಳಗೆ ಹೋದರು.

ತರಗತಿ

ತರಗತಿಯಲ್ಲಿ ನಾವು ಒಂಬತ್ತು ಮಂದಿ, ಒಂದು ದುಂಡು ಮೇಜು. ಪ್ರಾಧ್ಯಾಪಕಿಗೆ ಅರವತ್ತರ ಮೇಲೆ ವಯಸ್ಸು, ತಲೆಯೆಲ್ಲ ಬೆಳ್ಳಿ. ತನ್ನನ್ನು ಬರೀ ಕ್ಯಾರಲ್ ಎಂದು ಕರೆಯಬೇಕೆಂದರು. ನನ್ನ ಬಾಯಲ್ಲಿ ಬರಲೇ ಇಲ್ಲ. ‘ಕ್ಯಾರಲ್ ಮೇಡಂ’ ಎಂದೆ. ಅಷ್ಟೂ ಮಂದಿ ಮೃದುವಾಗಿ ನಕ್ಕರು. ಆಮೇಲೆ ನಾಲ್ಕು ತಿಂಗಳೂ ಅವರನ್ನು ಹೆಸರು ಹಿಡಿದು ಕರೆಯುವ ಪ್ರಸಂಗ ಬರದಂತೆ ಮಾತು ಜೋಡಿಸುವುದೇ ನನಗೊಂದು ಕೆಲಸವಾಯಿತು.

ಅವರ ಮೌನಕ್ಕೆ ನಾನು ಬೆಚ್ಚಿಬಿದ್ದೆ. ಕ್ಯಾರಲ್ ಒಂದು ಪ್ರಶ್ನೆ ಕೇಳುತ್ತಿದ್ದರು, ಆಮೇಲೆ ಸುಮ್ಮನಾಗುತ್ತಿದ್ದರು. ಯಾರೂ ಉತ್ತರಿಸದಿದ್ದರೆ ಇನ್ನೂ ಸುಮ್ಮನೆ. ನಮ್ಮೂರಲ್ಲಿ ಮೇಷ್ಟ್ರು ಪ್ರಶ್ನೆ ಕೇಳಿ ಎರಡು ಉಸಿರು ಎಳೆಯುವಷ್ಟರಲ್ಲಿ ತಾವೇ ಉತ್ತರ ಹೇಳಿರುತ್ತಾರೆ. ಇಲ್ಲಿ ಕಿಟಕಿಯಾಚೆ ಹಿಮ ಬೀಳುವ ಸದ್ದೂ ಕೇಳಿಸುತ್ತದೇನೋ ಅನ್ನಿಸುವಷ್ಟು ಹೊತ್ತು ಹತ್ತು ಜನ ಬಾಯಿ ಮುಚ್ಚಿ ಕೂತಿರುತ್ತಿದ್ದರು. ತಡೆಯಲಾಗದೆ ಮಾತು ಶುರು ಮಾಡುವವಳು ಪ್ರತಿ ಸಲ ನಾನೇ.

ಎರಡನೇ ವಾರ ಅವರವರ ಊರಿನ ಕೆಲಸದ ಬಗ್ಗೆ ಹೇಳಬೇಕಿತ್ತು. ನಾನು ಹೆಮ್ಮೆಯಿಂದ ಫೋನು ತೆಗೆದು ಮೇಜಿನ ಮೇಲಿಟ್ಟೆ. ಎಮ್ಮಿಗನೂರಿನ ಒಬ್ಬ ಹೆಂಗಸಿನ ಧ್ವನಿ ಇದೆ, ಮಾತ್ರೆ ಬಿಟ್ಟವಳು, ಕೇಳಿಸುತ್ತೇನೆ ಎಂದೆ. ಕ್ಯಾರಲ್ ಕೈ ಎತ್ತಿ ತಡೆದರು. ಆಕೆಯ ಧ್ವನಿ ಇಲ್ಲಿಗೆ ಬಂದಿದೆ ಎಂದು ಆಕೆಗೆ ಗೊತ್ತೇ ಎಂದು ಕೇಳಿದರು. ಹೆಬ್ಬೆಟ್ಟು ಹಾಕಿಸಿಕೊಂಡಿದ್ದೇನೆ ಎಂದೆ. ಆ ಕಾಗದ ಯಾವ ಭಾಷೆಯಲ್ಲಿತ್ತು ಎಂದು ಕೇಳಿದರು.

ಇಂಗ್ಲಿಷಿನಲ್ಲಿತ್ತು. ಹದಿನಾಲ್ಕು ವರ್ಷ ಅದೇ ಕಾಗದಕ್ಕೆ, ಅದೇ ನೇರಳೆ ಇಂಕಿನ ಪ್ಯಾಡು ಹಿಡಿದು, ‘ಇಲ್ಲಿ ಒತ್ತು’ ಎಂದು ಹೇಳಿದ್ದೆ. ಏನು ಬರೆದಿದೆ ಎಂದು ಯಾರೂ ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಕ್ಯಾರಲ್ ಗದರಲಿಲ್ಲ. ಆಕೆಯನ್ನು ಕೇಳುವವರೆಗೆ ಅದನ್ನು ಯಾರಿಗೂ ಕೇಳಿಸಬೇಡ, ಆದರೆ ನೀನೊಬ್ಬಳೇ ಕೂತು ಕೇಳು, ಆಕೆಯ ಮಾತಲ್ಲ, ನಿನ್ನ ಮಾತನ್ನು ಮಾತ್ರ ಬರೆದುಕೊಂಡು ಬಾ ಎಂದರು.

ಲಿಂಡಾಳ ಅಡುಗೆಮನೆ

ಭಾನುವಾರ ಮಧ್ಯಾಹ್ನ ಲಿಂಡಾ ಚರ್ಚಿಗೆ ಹೋಗಿದ್ದಾಗ ಅಡುಗೆಮನೆಯ ಮೇಜಿನ ಮುಂದೆ ಕೂತು ಕೇಳಿದೆ. ಧ್ವನಿ ಹುಲಿಗೆಮ್ಮನದು. ಅದು ಆಕೆಯ ನಿಜವಾದ ಹೆಸರಲ್ಲ, ಯಾಕೆಂದು ಮುಂದೆ ಹೇಳುತ್ತೇನೆ. ನನಗಿಂತ ಎರಡು ಮೂರು ವರ್ಷ ದೊಡ್ಡವಳು, ಭತ್ತ ನಾಟಿ ಮಾಡುವ ಹೆಂಗಸರ ಗುಂಪಿನಲ್ಲಿ ಕೂಲಿ. ಮೂರು ತಿಂಗಳು ಮಾತ್ರೆ ನುಂಗಿ ಬಿಟ್ಟಿದ್ದಳು. ಆಗ ಆಕೆಯ ಕಡತದಲ್ಲಿ ‘ರೋಗಿಗೆ ಅಸಡ್ಡೆ’ ಎಂದು ಬರೆದವಳು ನಾನೇ.

‘ಮಾತ್ರಿ ನುಂಗಿದ್ರ ಒಂದಕ್ಕ ಕೆಂಪಗ ಬರ್ತೈತ್ರಿ ಅಕ್ಕಾರ,’ ಅನ್ನುತ್ತಾಳೆ.

‘ಅದು ಔಷಧದ ಬಣ್ಣ, ಏನೂ ಆಗಲ್ಲ, ಹೆದರಬ್ಯಾಡ,’ ಅನ್ನುತ್ತೇನೆ.

‘ಹೆದರಿಕಿ ಅಲ್ರೀ, ನಿಮ್ಮ…’

‘ನೋಡು, ಆರು ತಿಂಗಳು ಒಂದು ದಿನಾನೂ ತಪ್ಪಿಸಬಾರದು.’

ಅಲ್ಲಿಂದ ನಾನೇ. ಕ್ಷಯದ ಕ್ರಿಮಿ, ಹಾಲು, ಮೊಟ್ಟೆ, ಸರಕಾರ ಕೊಡುವ ಸವಲತ್ತು, ಮಕ್ಕಳ ಭವಿಷ್ಯ. ಒಂಬತ್ತು ನಿಮಿಷ. ನಡುನಡುವೆ ಆಕೆಯ ‘ಹ್ಞೂಂ ರೀ’ ಮಾತ್ರ. ಕಡೆಯಲ್ಲಿ ನಾನು, ತಿಳೀತಲ್ಲ ಎಂದು ಕೇಳುತ್ತೇನೆ. ತಿಳೀತ್ರಿ ಅನ್ನುತ್ತಾಳೆ. ಆಮೇಲೆ ನನ್ನ ಸ್ಕೂಟಿ ಸ್ಟಾರ್ಟ್ ಆಗುವ ಸದ್ದು.

‘ನಿಮ್ಮ’ ಎಂದವಳ ಮುಂದಿನ ಮಾತೇನಿತ್ತು? ಹಿಂದೆ ಸರಿಸಿ ಮತ್ತೆ ಮತ್ತೆ ಹಾಕಿದೆ. ಪ್ರತಿ ಸಲವೂ ನಾನು ಅದೇ ಜಾಗದಲ್ಲಿ ಬಾಯಿ ಹಾಕಿದೆ. ಇನ್ನೊಂದು ಸಂಗತಿ ಅವತ್ತೇ ಕಂಡದ್ದು: ಆಕೆ ನನಗೆ ‘ರೀ’ ಹಚ್ಚಿ ಮಾತಾಡುತ್ತಾಳೆ, ನಾನು ಆಕೆಗೆ ‘ನೋಡು, ಕೇಳು’ ಅನ್ನುತ್ತೇನೆ. ಇಂಗ್ಲಿಷಿಗೆ ತಂದರೆ ಇಬ್ಬರೂ ಸಮಸಮ ಕೂತಂತೆ ಕಾಣುತ್ತದೆ. ಕನ್ನಡದಲ್ಲಿ ಆಕೆ ನೆಲದ ಮೇಲೆ, ನಾನು ಕುರ್ಚಿಯ ಮೇಲೆ.

ನದಿಯ ಮೇಲೆ

ಮಾರನೆಯ ದಿನ ಸಹಪಾಠಿಗಳು ನದಿಗೆ ಹೊರಟಿದ್ದರು, ನನ್ನನ್ನೂ ಎಳೆದುಕೊಂಡು ಹೋದರು. ನದಿ ಹೆಪ್ಪುಗಟ್ಟಿತ್ತು. ಅದರ ಮೇಲೆ ಜನ ನಡೆಯುತ್ತಿದ್ದರು, ಮಕ್ಕಳನ್ನು ಜಾರುಬಂಡಿಯಲ್ಲಿ ಎಳೆಯುತ್ತಿದ್ದರು, ಒಬ್ಬ ನಾಯಿಗೆ ಬೂಟು ತೊಡಿಸಿ ಕರೆತಂದಿದ್ದ. ತುಂಗಭದ್ರೆಯ ದಂಡೆಯವಳು ನಾನು. ನೀರಿನ ಮೇಲೆ ಕಾಲಿಡು ಎಂದರೆ ಹೇಗೆ ಇಡಲಿ? ದಂಡೆಯಲ್ಲೇ ನಿಂತೆ. ಒಬ್ಬ ಅಪರಿಚಿತ ಮುದುಕ ಸುಮ್ಮನೆ ತನ್ನ ತೋಳು ಚಾಚಿದ. ಏನೂ ಕೇಳಲಿಲ್ಲ, ಹೆದರಬೇಡ ಅನ್ನಲೂ ಇಲ್ಲ. ನಾನು ಹಿಡಿದುಕೊಳ್ಳುವವರೆಗೆ ತೋಳು ಹಾಗೆಯೇ ಇತ್ತು. ನಾಲ್ಕು ಹೆಜ್ಜೆ ಹೋಗಿ ಜಾರಿ ಬಿದ್ದೆ, ಅವನೂ ಬಿದ್ದ. ಎದ್ದು, ಟೋಪಿ ಸರಿ ಮಾಡಿಕೊಂಡು, ನನ್ನ ಕ್ಷಮೆ ಕೇಳಿ ಹೋದ. ಬೀಳಿಸಿದವಳು ನಾನು, ಕ್ಷಮೆ ಅವನದು. ಆ ದೇಶದಲ್ಲಿ ಅದು ದಿನಾ ನಡೆಯುವ ಮಾತು. ಬಸ್ಸಿನಿಂದ ಇಳಿಯುವವರೂ ಡ್ರೈವರಿಗೆ ಥ್ಯಾಂಕ್ಸ್ ಹೇಳಿಯೇ ಇಳಿಯುತ್ತಾರೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಶಿಫ್ಟ್ ಬಸ್ಸಿನಲ್ಲಿ ನಾವು ಇಳಿಯಬೇಕಾದರೆ ಬಸ್ಸಿನ ತಗಡಿಗೆ ಎರಡು ಬಡಿಯುತ್ತೇವೆ.

ಸೊಂಟ ನೋಯುತ್ತಿತ್ತು. ಮನೆಗೆ ಬರುವ ದಾರಿಯಲ್ಲಿ, ನಾಳೆ ಹುಲಿಗೆಮ್ಮನಿಗೆ ಫೋನು ಮಾಡಲೇಬೇಕು ಎಂದುಕೊಂಡೆ.

ಎಮ್ಮಿಗನೂರಿಗೆ ಮೊದಲ ಫೋನು

ಅಲ್ಲಿ ಬೆಳಿಗ್ಗೆ ಎಂಟಾದರೆ ನಮ್ಮಲ್ಲಿ ಸಂಜೆ ಏಳೂವರೆ. ಹುಲಿಗೆಮ್ಮ ಹೊಲದಿಂದ ಬಂದು ಒಲೆ ಹಚ್ಚುವ ಹೊತ್ತು. ಫೋನು ಎತ್ತಿದ ಕೂಡಲೇ ಕೆಮ್ಮು ಕೇಳಿತು. ಒಣ ಕೆಮ್ಮಲ್ಲ. ಹದಿನಾಲ್ಕು ವರ್ಷ ಕೇಳಿದ ಕೆಮ್ಮು ಅದು. ತಕ್ಷಣ ಬುದ್ಧಿ ಹೇಳಲು ಬಾಯಿ ತೆರೆದೆ. ಮುಚ್ಚಿದೆ.

ನಾನು ಎಲ್ಲಿದ್ದೇನೆ, ನಿಮ್ಮ ಧ್ವನಿಯನ್ನು ಇಲ್ಲಿಗೆ ತಂದಿದ್ದೇನೆ, ಇಲ್ಲಿನವರಿಗೆ ಕೇಳಿಸಬಹುದೇ ಎಂದು ಕೇಳಿದೆ. ಬಹುವಚನ ನಾಲಗೆಗೆ ಹೊಸದಾಗಿ ತೊಡರುತ್ತಿತ್ತು.

‘ಬ್ಯಾಡ್ರೀ ಅಕ್ಕಾರ,’ ಎಂದಳು. ‘ಗುರುತಿಲ್ಲದವ್ರ ಮುಂದ ನನ್ ರೋಗ ಯಾಕ ಹೇಳ್ಬೇಕು?’

ಈ ಹದಿನಾಲ್ಕು ವರ್ಷದಲ್ಲಿ ರೋಗಿಯೊಬ್ಬರು ನನಗೆ ಬೇಡ ಎಂದದ್ದು ಅದೇ ಮೊದಲು. ಮೊದಲ ಸಲ ಕೇಳಿದ್ದೂ ಅವತ್ತೇ ತಾನೆ. ಆಗಲಿ, ಯಾರಿಗೂ ಕೇಳಿಸುವುದಿಲ್ಲ ಎಂದೆ. ಆಮೇಲೆ, ಅವತ್ತು ‘ನಿಮ್ಮ’ ಎಂದು ಏನೋ ಹೇಳಲು ಹೊರಟಿದ್ದಿರಿ, ನಾನು ಹೇಳಗೊಡಲಿಲ್ಲ, ಅದೇನು ಎಂದು ಕೇಳಿದೆ.

ಒಲೆಯ ಮೇಲೆ ಏನೋ ಕುದಿಯುವ ಸದ್ದು ಬರುತ್ತಿತ್ತು.

‘ನಿಮ್ಮ ಹೊಲದಾಗ ಅಂತ ಹೇಳಾಕತ್ತಿದ್ನಿರೀ,’ ಎಂದಳು.

ಆಮೇಲೆ ಒಂದೊಂದಾಗಿ ಹೇಳಿದಳು. ನಾಟಿಯ ದಿನ. ನಮ್ಮ ಅತ್ತೆಮ್ಮನ ಗದ್ದೆ. ಗುಂಪಿನ ಹೆಂಗಸರು ಕಾಲುವೆಯ ಮರೆಗೆ ಒಂದಕ್ಕೆ ಹೋದಾಗ ಕಾಲುವೆಯ ಸಿಮೆಂಟಿನ ಮೇಲೆ ಆಕೆಯದು ಕೆಂಪಗೆ ಕಂಡಿತು. ಯಾರೋ ಗುಂಪಿನ ಮೇಸ್ತ್ರಿಗೆ ಹೇಳಿದರು, ಮೇಸ್ತ್ರಿ ಬುತ್ತಿ ತಂದಿದ್ದ ಅತ್ತೆಮ್ಮನಿಗೆ ಹೇಳಿದಳು. ಮುಟ್ಟಾದವಳು ಸಸಿ ಮುಟ್ಟಬಾರದು, ಮನೆಗೆ ಕಳಿಸು ಎಂದು ಅತ್ತೆಮ್ಮ ಅಂದರು. ಐದು ದಿನ ಬಿಟ್ಟು ಹೋದಳು, ಬಣ್ಣ ಹಾಗೆಯೇ ಇತ್ತು. ಹತ್ತು ದಿನ ಬಿಟ್ಟು ಹೋದಳು, ಆಗಲೂ ಇತ್ತು. ಇವಳಿಗೇನೋ ಕೆಟ್ಟ ರೋಗ ಎಂದು ಮಾತು ಹಬ್ಬಿ, ಮೇಸ್ತ್ರಿ ಟೆಂಪೊ ಹತ್ತಲು ಬಿಡಲಿಲ್ಲ. ಮಾತ್ರೆಯ ಬಣ್ಣ ಅಂದರೆ ಟಿಬಿ ಎಂದು ಗೊತ್ತಾಗುತ್ತದೆ. ಅದನ್ನೂ ಹೇಳುವಂತಿಲ್ಲ. ಮಾತ್ರೆ ನಿಲ್ಲಿಸಿದಳು. ಎರಡೇ ದಿನಕ್ಕೆ ಬಣ್ಣ ಹೋಯಿತು, ಕೆಲಸ ಬಂತು.

‘ನಿಮ್ ಅತ್ತಿಯವರ ಸುದ್ದಿ ನಿಮ್ ಮುಂದ ಹೆಂಗ ಹೇಳ್ಲಿರೀ,’ ಎಂದಳು. ‘ನೀವೂ ಕೇಳ್ಲಿಲ್ಲ.’

ಈಗಲೂ ಎರಡನೇ ಬೆಳೆಯ ನಾಟಿ ನಡೆದಿತ್ತು, ದಿನಾ ಹೋಗುತ್ತಿದ್ದಳು. ಕೆಮ್ಮು ದೀಪಾವಳಿಯಿಂದ ಇತ್ತಂತೆ. ಕಫ ಪರೀಕ್ಷೆ ಮಾಡಿಸುತ್ತೀರಾ ಎಂದು ಕೇಳಿದೆ. ನಾಟಿ ಮುಗಿದ ಮೇಲೆ ನೋಡೋಣ ಎಂದಳು.

ಆ ದಿನ ತರಗತಿಗೆ ಹೋಗಲಿಲ್ಲ. ಹಾಸಿಗೆಯ ಮೇಲೆ ಕೋಟು ತೊಟ್ಟುಕೊಂಡೇ ಕೂತಿದ್ದೆ. ಎಮ್ಮಿಗನೂರಿನ ಆ ಗದ್ದೆಯ ಭತ್ತವನ್ನೇ ನಾವು ಹೊಸಪೇಟೆಯಲ್ಲಿ ವರ್ಷಪೂರ್ತಿ ಉಣ್ಣುತ್ತೇವೆ. ಆಕೆಯನ್ನು ಸಂದರ್ಶಿಸಲು ಹೋದಾಗ ನಾನೊಬ್ಬ ಆರೋಗ್ಯ ಕಾರ್ಯಕರ್ತೆ ಎಂದು ಪರಿಚಯ ಹೇಳಿಕೊಂಡಿದ್ದೆ. ಆಕೆಗೆ ನಾನು ಯಾರ ಸೊಸೆ ಎಂಬುದು ಮೊದಲೇ ಗೊತ್ತಿತ್ತು. ಆಕೆ ಯಾರ ಹೊಲದಲ್ಲಿ ಬಗ್ಗಿ ನಿಲ್ಲುತ್ತಾಳೆ ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ.

ಎರಡನೇ ಫೋನು

ಸಂಜೆ ಏಳಕ್ಕೆ ಅತ್ತೆಮ್ಮನಿಗೆ ಫೋನು ಮಾಡಿದೆ. ಅಲ್ಲಿ ಬೆಳಗಿನ ಆರೂವರೆ, ಪೂಜೆ ಮುಗಿಸಿ ಕಟ್ಟೆಯ ಮೇಲೆ ಕೂರುವ ಹೊತ್ತು. ಹೇಳಬೇಕಾದ್ದನ್ನು ಹಗಲೆಲ್ಲ ಮನಸ್ಸಿನಲ್ಲಿ ಹೊಂದಿಸಿಕೊಂಡಿದ್ದೆ. ಒಂದೊಂದು ಮಾತೂ ಚಾಟಿಯಂತಿತ್ತು. ಹುಲಿಗೆಮ್ಮ ಹೇಳಿದಳು ಎಂದು ಹೇಳುವ ಹಾಗಿರಲಿಲ್ಲ, ಆದರೂ ಕೇಳದೆ ಬೇರೆ ದಾರಿ ತೋಚಲಿಲ್ಲ. ಹಲೋ ಎಂಬ ಅವರ ದನಿ ಕೇಳಿದ ಮೇಲೆ ಅಷ್ಟನ್ನೂ ನುಂಗಿಕೊಂಡು, ಹೋದ ನಾಟಿಯಲ್ಲಿ ಒಬ್ಬ ಹೆಣ್ಣಾಳನ್ನು ಗದ್ದೆಯಿಂದ ಕಳಿಸಿದ್ದಿರಂತೆ, ಅವತ್ತು ಏನಾಯಿತು ಹೇಳಿರಿ ಎಂದಷ್ಟೇ ಕೇಳಿ ಸುಮ್ಮನಾದೆ.

ಅತ್ತೆಮ್ಮನೂ ಸುಮ್ಮನಾದರು. ಎಷ್ಟು ಹೊತ್ತು ಎಂದರೆ ಫೋನು ಕಡಿದುಹೋಯಿತೇನೋ ಎಂದು ನೋಡಿಕೊಂಡೆ. ಹಿಂದಿನ ನಾನಾಗಿದ್ದರೆ ಅಷ್ಟರಲ್ಲಿ ಮೂರು ಸಲ ಮಾತಾಡಿರುತ್ತಿದ್ದೆ. ತುಟಿ ಕಚ್ಚಿಕೊಂಡು ಕಾದೆ. ಅಲ್ಲಿ ಗುಬ್ಬಿಗಳ ಸದ್ದು, ಯಾವುದೋ ಟ್ರ್ಯಾಕ್ಟರ್ ಹಾದುಹೋದದ್ದು, ಎಲ್ಲ ಕೇಳಿಸಿತು.

‘ಅದು ಮುಟ್ಟಲ್ಲ ಅಂತ ನನಗ ಗೊತ್ತಿತ್ತವ್ವ,’ ಎಂದರು. ‘ಆ ಬಣ್ಣ ನಾ ಕಂಡೀನಿ.’

ನನಗೆ ಅರ್ಥವಾಗಲಿಲ್ಲ. ಆದರೂ ಕೇಳಲಿಲ್ಲ.

‘ನಿನ್ ನಾದಿನಿ ಹುಟ್ಟಿದ ವರ್ಷ ನನಗೂ ಅದಾ ಬಂದಿತ್ತು. ನಿಮ್ ಮಾವಗ ಬಿಟ್ರ ಯಾರಿಗೂ ತಿಳೀಲಿಲ್ಲ.’

ಅತ್ತೆಮ್ಮ ನಿಧಾನವಾಗಿ ಹೇಳುತ್ತ ಹೋದರು. ತವರಿಗೆ ಹೋಗುತ್ತೇನೆಂದು ಹೇಳಿ ಬಳ್ಳಾರಿಗೆ ಹೋಗುತ್ತಿದ್ದದ್ದು, ಮಾತ್ರೆಯನ್ನು ಜೋಳ ಕೂಡಿಡುವ ನೆಲಗುಳಿಯಲ್ಲಿ, ಹಗೇವಿನಲ್ಲಿ, ಬಚ್ಚಿಟ್ಟದ್ದು, ಬಣ್ಣ ಕಾಣಬಾರದೆಂದು ಎಲ್ಲರೂ ಏಳುವ ಮುಂಚೆ ಒಬ್ಬರೇ ಬಯಲಿಗೆ ಹೋಗುತ್ತಿದ್ದದ್ದು, ಹಸುಗೂಸಿಗೆ ಮುತ್ತು ಕೊಡಲೂ ಹೆದರಿದ್ದು. ಮದುವೆಯಾಗಿ ಇಪ್ಪತ್ತಮೂರು ವರ್ಷ ನಾನು ಅವರ ಸೊಸೆ. ಕ್ಷಯದ ಲಕ್ಷಣಗಳ ಚಿತ್ರಪಟವನ್ನು ಅವರ ಪಡಸಾಲೆಯಲ್ಲೇ ಹರಡಿ ಅವರಿಗೆ ಪಾಠ ಹೇಳಿದ್ದೆ. ಅವರು ಕೂತು ಎಲ್ಲವನ್ನೂ ಕೇಳಿ, ಚಹಾ ಮಾಡಿ ಕೊಟ್ಟಿದ್ದರು.

‘ಟಿಬಿ ಅಂತ ಗೊತ್ತಾದ್ರ ಗುಂಪಿನವ್ರು ಅಕಿಗೆ ನೀರಿನ ಕೊಡಾ ಮುಟ್ಟಗೊಡಂಗಿಲ್ಲ,’ ಎಂದರು. ‘ಮುಟ್ಟು ಅಂದ್ರ ಐದು ದಿನಕ್ಕ ಮುಗೀತೈತಿ ಅಂತ ಹಂಗಂದೆ. ಅಕಿ ಮಾನ ಉಳಿಸೀನಿ ಅನಕೊಂಡಿದ್ದೆ.’

ಆಕೆ ಅದರಿಂದಲೇ ಮಾತ್ರೆ ಬಿಟ್ಟಳು ಎಂದು ಆಗ ಹೇಳಿದೆ. ಈಗ ಕೆಮ್ಮುತ್ತಿದ್ದಾಳೆ ಎಂದೂ ಹೇಳಿದೆ. ಅತ್ತೆಮ್ಮ ಫೋನು ಇಟ್ಟರು.

ಲಿಂಡಾ ಕೆಲಸದಿಂದ ಬಂದವಳು ನನ್ನ ಮುಖ ನೋಡಿ, ಊರಲ್ಲಿ ಯಾರಾದರೂ ಹೋದರೇ ಎಂದು ಕೇಳಿದಳು. ಇಲ್ಲ, ಒಬ್ಬರ ಪರಿಚಯವಾಯಿತು ಎಂದೆ.

ಉಳಿದ ದಿನಗಳು

ಮೂರು ದಿನದ ಮೇಲೆ ಹೊಸಪೇಟೆಯ ಸಹೋದ್ಯೋಗಿ ಫೋನು ಮಾಡಿದಳು. ನಿಮ್ಮ ಅತ್ತೆಯವರು ಒಬ್ಬ ಹೆಂಗಸನ್ನು ಕರೆದುಕೊಂಡು ತಾವೇ ಕಂಪ್ಲಿಯ ಆಸ್ಪತ್ರೆಗೆ ಬಂದಿದ್ದರು, ಕಫದಲ್ಲಿ ಕ್ರಿಮಿ ಕಂಡಿದೆ, ಮಾತ್ರೆ ಮತ್ತೆ ಮೊದಲಿನಿಂದ ಶುರುವಾಗಿದೆ ಎಂದಳು. ನಾನು ಬೀದಿಯಲ್ಲಿದ್ದೆ, ಆ ಚಳಿಗೆ ಕಣ್ಣೀರು ರೆಪ್ಪೆಯಲ್ಲೇ ಹೆಪ್ಪುಗಟ್ಟಿತು.

ಕೋರ್ಸಿನ ಕೊನೆಗೆ ಪ್ರಬಂಧ ಬರೆಯಬೇಕಿತ್ತು. ಹುಲಿಗೆಮ್ಮನ ಒಂದು ಮಾತನ್ನೂ ಸೇರಿಸಲಿಲ್ಲ. ಹಳೆಯ ಧ್ವನಿಮುದ್ರಣಗಳಲ್ಲಿ ನಾನು ಎಲ್ಲೆಲ್ಲಿ ಬಾಯಿ ಹಾಕಿದ್ದೇನೆ ಎಂಬುದನ್ನಷ್ಟೇ ಬರೆದೆ, ಬರೀ ನನ್ನ ಮಾತುಗಳು. ಓದಿದರೆ ಒಬ್ಬ ಹೆಂಗಸು ಖಾಲಿ ಕೋಣೆಯಲ್ಲಿ ಗಂಟೆಗಟ್ಟಲೆ ಉಪದೇಶ ಮಾಡುತ್ತಿರುವಂತಿತ್ತು. ಬರೆಯುವಾಗ ಅಸಡ್ಡೆ ಎಂದು ನಾನು ಷರಾ ಹಾಕಿದ ಬೇರೆ ಕಡತಗಳು ಕಣ್ಣಮುಂದೆ ಬಂದವು. ಗಾದಿಗನೂರಿನ ಲಾರಿ ಕ್ಲೀನರ್, ಸಂಡೂರಿನ ಒಂದು ಮನೆಯ ಅಣ್ಣತಂಗಿ. ಅವರು ಏನು ಹೇಳಲು ಹೊರಟಿದ್ದರೋ. ಕೆಲವರನ್ನು ಇನ್ನು ಕೇಳುವಂತಿಲ್ಲ, ಅವರು ಉಳಿದಿಲ್ಲ. ಕ್ಯಾರಲ್ ಪ್ರಬಂಧದ ಕೆಳಗೆ ಏನೂ ಬರೆಯದೆ, ಕೊನೆಯ ದಿನ ನನ್ನನ್ನು ಅಪ್ಪಿಕೊಂಡರು. ಆ ಹೊತ್ತಿಗೆ ಮಂಜು ಕರಗುತ್ತಿತ್ತು. ಕರೆಂಟು ಹೊಡೆಯಲಿಲ್ಲ.

ಎಮ್ಮಿಗನೂರು

ಏಪ್ರಿಲ್ ಕೊನೆಗೆ ಹೊಸಪೇಟೆಯಲ್ಲಿ ರೈಲು ಇಳಿದಾಗ ಬಿಸಿಲು ಕೆನ್ನೆಗೆ ಬಾರಿಸಿತು. ಮಾರನೆಯ ದಿನವೇ ಎಮ್ಮಿಗನೂರಿಗೆ ಹೋದೆ. ಹಿತ್ತಲಿನ ಬೇವಿನ ನೆರಳಲ್ಲಿ ಅತ್ತೆಮ್ಮ ಮೊರ ಹಿಡಿದು ಅಕ್ಕಿ ಹಸನು ಮಾಡುತ್ತಿದ್ದರು. ಎದುರಿಗೆ ಹುಲಿಗೆಮ್ಮ, ಇನ್ನೊಂದು ಮೊರ. ಗುಂಪಿಗೆ ಹೋಗುವುದನ್ನು ಬಿಡಿಸಿ, ಮಾತ್ರೆ ಮುಗಿಯುವವರೆಗೆ ತಮ್ಮಲ್ಲೇ ಕೆಲಸಕ್ಕೆ ಇಟ್ಟುಕೊಂಡಿದ್ದರು. ಮೇಸ್ತ್ರಿಗೆ ಏನು ಹೇಳಿದರೋ ನನಗೆ ಹೇಳಲಿಲ್ಲ. ಆಕೆಯ ಮುಖದಲ್ಲಿ ಮಾಂಸ ತುಂಬಿತ್ತು, ಕೆಮ್ಮು ಇರಲಿಲ್ಲ. ಇಬ್ಬರೂ ಏನೋ ಮಾತಾಡಿ ನಗುತ್ತಿದ್ದವರು ನನ್ನನ್ನು ಕಂಡು ಸುಮ್ಮನಾದರು.

‘ಬರ್ರಿ ಅಕ್ಕಾರ, ಕುಂದ್ರಿ,’ ಎಂದು ಹುಲಿಗೆಮ್ಮ ಸರಿದು ಜಾಗ ಮಾಡಿದಳು. ನೆಲದ ಮೇಲೆಯೇ ಕೂತೆ.

ಅತ್ತೆಮ್ಮ ನನ್ನ ಕೈಯಲ್ಲಿದ್ದ ಫೋನಿನ ಕಡೆ ನೋಡಿದರು. ಆರಿಸಿ ಚೀಲದೊಳಗೆ ಹಾಕಿದೆ. ನಾನೂ ಒಂದು ಹಿಡಿ ಅಕ್ಕಿ ಎಳೆದುಕೊಂಡು ಕಲ್ಲು ಆರಿಸತೊಡಗಿದೆ. ಆಮೇಲೆ ಅವರಿಬ್ಬರೂ ಬಿಟ್ಟಲ್ಲಿಂದ ಮಾತು ಮುಂದುವರಿಸಿದರು. ಊಟದ ಹೊತ್ತಾದರೂ ಮುಗಿಯಲಿಲ್ಲ. ಅಷ್ಟು ವರ್ಷ ರೋಗದ ಸುದ್ದಿ ಬಚ್ಚಿಟ್ಟ ಒಬ್ಬರು, ಬಣ್ಣ ಬಚ್ಚಿಡಲಾಗದೆ ಮಾತ್ರೆ ಬಿಟ್ಟ ಇನ್ನೊಬ್ಬರು. ನನ್ನ ಯಾವ ಪ್ರಶ್ನಾವಳಿಯಲ್ಲೂ ಇಲ್ಲದ ಮಾತುಗಳನ್ನು ನನ್ನ ಎದುರಿಗೇ ಆಡಿದರು.

ಇದನ್ನು ಬರೆಯುವ ಮುಂಚೆ ಮತ್ತೆ ಹೋಗಿ ಇಬ್ಬರನ್ನೂ ಕೇಳಿದೆ. ಓದಿಯೂ ಹೇಳಿದೆ. ಹುಲಿಗೆಮ್ಮ ತನ್ನ ಹೆಸರು ಬೇಡವೆಂದು ಈ ಹೆಸರನ್ನು ತಾನೇ ಆರಿಸಿಕೊಟ್ಟಳು. ಅತ್ತೆಮ್ಮ ಕಣ್ಣು ಮುಚ್ಚಿಕೊಂಡು ಕೊನೆಯವರೆಗೂ ಕೇಳಿ, ಬೇವಿನ ಕೆಳಗೆ ಅವತ್ತು ಆಡಿದ್ದನ್ನೂ ಬರೆಯುತ್ತೀಯಾ ಎಂದರು. ನೀವು ಹೇಳಿದ ಹಾಗೆ ಎಂದೆ.

‘ಇಷ್ಟು ಬರಿಯವ್ವ, ಸಾಕು,’ ಎಂದರು. ‘ಉಳಿದದ್ದು ನಮ್ಮಿಬ್ಬರದು.’